ಖಾಡಿ ದಂಡೆಗೆ ಗೋಡೆ ಕಟ್ಟುವ ಮುಂಚೆ ನೀರು ಅಳೆದವರು ಯಾರು?

ಹಾರ್ಬರ್ ಲೈನಿನ ಲೋಕಲ್ ಮಾನಖುರ್ದ್ ದಾಟಿ ವಾಶಿ ಸೇತುವೆಗೆ ಬಂದಾಗ, ಬಾಗಿಲಲ್ಲಿ ನೇತಾಡುವವರೂ ಒಂದು ಗಳಿಗೆ ಮೊಬೈಲಿನಿಂದ ತಲೆ ಎತ್ತುತ್ತಾರೆ. ಬೆಳಿಗ್ಗೆ ಹೋಗುವಾಗ ಕೆಳಗೆ ಕಂದು ಕೆಸರು, ಚಳಿಗಾಲವಾದರೆ ಅದರ ಮೇಲೆ ಸಾಲುಸಾಲು ಗುಲಾಬಿ ಹಕ್ಕಿಗಳು. ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸ್ ಬಂದರೆ ಕೆಸರೇ ಕಾಣುವುದಿಲ್ಲ. ಗಿಡಗಳ ಸೊಂಟದವರೆಗೆ ನೀರು ನಿಂತಿರುತ್ತದೆ. ನಡುವೆ ಕಳೆದದ್ದು ಆರು ಗಂಟೆ ಅಷ್ಟೇ.

ಇದು ನೆಲವೋ ನೀರೋ? ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಮುಂಬೈ, ಥಾಣೆ, ನವಿ ಮುಂಬೈಗಳಲ್ಲಿ ಈಗ ನಡೆಯುತ್ತಿರುವ ಬಹಳಷ್ಟು ಜಗಳ ಈ ಪ್ರಶ್ನೆಯದ್ದೇ.

ಪದಗಳನ್ನು ಮೊದಲು ಸರಿ ಮಾಡಿಕೊಳ್ಳೋಣ. ಸಮುದ್ರದ ನೀರು ಒಳನುಗ್ಗಿ ಹೋಗಿಬರುವ ತೋಳಿಗೆ ಇಲ್ಲಿ ಖಾಡಿ ಎನ್ನುತ್ತಾರೆ. ಇಲ್ಲಿನ ಕನ್ನಡಿಗರ ಬಾಯಲ್ಲೂ ಅದೇ ಪದ. ನಮ್ಮ ಕರಾವಳಿಯವರ ಕಾಂಡ್ಲಾ ಗಿಡ, ಅಂದರೆ ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಮ್ಯಾಂಗ್ರೋವ್, ಇಲ್ಲಿ ತಿವರ್. ಜೌಗು ನೆಲಕ್ಕೆ ಮರಾಠಿಯಲ್ಲಿ ಪಾಣಥಳ. ಹೆಸರು ಕೇಳಿದರೇ ನೀರಿನ ಸ್ಥಳ ಅಂತ ಗೊತ್ತಾಗುತ್ತದೆ, ಅಲ್ವಾ? ಆದರೂ ಅದನ್ನು ಕಾಗದದಲ್ಲಿ ಸಾಬೀತು ಮಾಡಲು ಎಂಜಿನಿಯರುಗಳನ್ನು ಕರೆಸಬೇಕು.

ಹಾಗೆ ಕರೆಸುವುದು ಈಚೆಗೆ ಜಾಸ್ತಿಯಾಗಿದೆ. ಒಂದು ಕಾರಣ ಸುಪ್ರೀಂ ಕೋರ್ಟ್. ಇಸ್ರೋದ ಉಪಗ್ರಹ ಚಿತ್ರಗಳಿಂದ ತಯಾರಾದ ಹಳೆಯ ಅಟ್ಲಾಸಿನಲ್ಲಿ ದೇಶದ 2,01,503 ಜೌಗು ಪ್ರದೇಶಗಳ ಲೆಕ್ಕ ಇತ್ತು. ಒಂದೊಂದೂ 2.25 ಹೆಕ್ಟೇರಿಗಿಂತ ದೊಡ್ಡದು. ಅವಕ್ಕೆಲ್ಲ ರಕ್ಷಣೆ ಕೊಡಬೇಕು ಎಂದು ಕೋರ್ಟ್ 2017ರಲ್ಲಿ ಹೇಳಿತು. ಹೊಸ ಅಟ್ಲಾಸಿನಲ್ಲಿ ಸಂಖ್ಯೆ 2.31 ಲಕ್ಷಕ್ಕೆ ಏರಿತು. 2024ರ ಡಿಸೆಂಬರಿನಲ್ಲಿ ಕೋರ್ಟ್ ಮತ್ತೆ ರಾಜ್ಯಗಳ ಕಿವಿ ಹಿಂಡಿ, ಸ್ಥಳಕ್ಕೇ ಹೋಗಿ ನೋಡಿ, ಗಡಿ ಗುರುತು ಮಾಡಿ ಎಂದಿತು. ಇನ್ನೊಂದು ಕಾರಣ ದೊಡ್ಡ ಯೋಜನೆಗಳು. ಸೇತುವೆ, ಮೆಟ್ರೊ, ಬುಲೆಟ್ ರೈಲು ಯಾವುದೇ ಬಂದರೂ ಖಾಡಿಯ ಅಂಚು ತಟ್ಟುತ್ತದೆ. ತಟ್ಟಿದ ಮೇಲೆ ಅಧ್ಯಯನ ವರದಿ ಬೇಕು, ಬೇರೆ ಕಡೆ ಗಿಡ ನೆಡಬೇಕು, ದಂಡೆ ಸರಿ ಮಾಡಿ ಕೊಡಬೇಕು. ಹೀಗಾಗಿ ಜೌಗು ಅಧ್ಯಯನ, ದಂಡೆ ದುರಸ್ತಿ ಎಂಬುದು ಈಗ ಒಳ್ಳೆಯ ವ್ಯಾಪಾರವೂ ಹೌದು.

ಆ ವ್ಯಾಪಾರದ ಟೆಂಡರ್ ಕಾಗದಗಳನ್ನು ಓದಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಗೋಡೆಗೆ ರನ್ನಿಂಗ್ ಮೀಟರ್ ಲೆಕ್ಕ. ಹೂಳಿಗೆ ಟನ್ ಲೆಕ್ಕ. ಗಿಡಕ್ಕೆ ಸಸಿಯ ಲೆಕ್ಕ. ಬಿಲ್ ಪಾಸಾಗುವುದು ಇವುಗಳ ಮೇಲೆ. ನೀರು ಎಷ್ಟು ಎತ್ತರಕ್ಕೆ ಬರುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದಕ್ಕೆ ಮಾತ್ರ ಬಿಲ್ಲಿನಲ್ಲಿ ಸಾಲು ಸಿಗುವುದು ಅಪರೂಪ. ನನ್ನ ಪ್ರಕಾರ ಮುಕ್ಕಾಲು ರೋಗ ಇಲ್ಲೇ ಇದೆ.

ಅಧ್ಯಯನ ಸರಿಯಾಗಿ ಮಾಡುವುದು ಹೇಗೆ? ಜೌಗು ನೆಲಕ್ಕೆ ಮೂರು ಸಾಕ್ಷಿ ಬೇಕು: ನೀರು, ಮಣ್ಣು, ಗಿಡ. ಇವುಗಳಲ್ಲಿ ಗಿಡ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದಕ್ಕೇ ನೆಲದ ಮೇಲೆ ಕಣ್ಣಿಟ್ಟವರು ಮೊದಲು ಕಡಿಯುವುದೂ ಗಿಡವನ್ನೇ. ನೀರನ್ನು ಒಂದು ಮಣ್ಣಿನ ಒಡ್ಡು ಹಾಕಿ ತಡೆಯಬಹುದು. ಆದರೆ ಮಣ್ಣು ಅಷ್ಟು ಬೇಗ ಸುಳ್ಳು ಹೇಳುವುದಿಲ್ಲ. ವರ್ಷಗಟ್ಟಲೆ ನೀರಲ್ಲಿ ನೆನೆದ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಅದರಲ್ಲಿನ ಕಬ್ಬಿಣದ ಕೆಂಪು ಬಣ್ಣ ಹೋಗಿ ಮಣ್ಣು ಬೂದು, ನೀಲಿ ಛಾಯೆಗೆ ತಿರುಗುತ್ತದೆ. ಬೇರು ಹಾದುಹೋದ ಕಡೆ ಮಾತ್ರ ಗಾಳಿ ಇಳಿದು ತುಕ್ಕಿನ ಗೆರೆ ಉಳಿದಿರುತ್ತದೆ. ಒಂದಡಿ ಅಗೆದು ಮೂಗಿನ ಹತ್ತಿರ ಹಿಡಿದರೆ ಕೊಳೆತ ಮೊಟ್ಟೆಯ ವಾಸನೆ. ಮೇಲೆ ನಾಲ್ಕು ಲಾರಿ ಕಟ್ಟಡದ ಕಸ ಸುರಿದರೂ ಕೆಳಗಿನ ಈ ಪದರ ಹಾಗೇ ಇರುತ್ತದೆ. ಬಣ್ಣ ಹೋಲಿಸಿ ನೋಡಲು ಬಣ್ಣದ ಚೀಟಿಗಳ ಪುಸ್ತಕವೇ ಇದೆ. ಸೀರೆ ಅಂಗಡಿಯಲ್ಲಿ ರವಿಕೆ ಬಟ್ಟೆ ಹೊಂದಿಸಿದ ಹಾಗೆ ಮಣ್ಣಿನ ಉಂಡೆಯನ್ನು ಪಕ್ಕದಲ್ಲಿಟ್ಟು ನೋಡುತ್ತಾರೆ.

ನೀರಿನ ಸಾಕ್ಷಿಗೆ ತಾಳ್ಮೆ ಬೇಕು. ಮುಂಬೈ ಬಂದರಿನಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ, ಎರಡು ಬಾರಿ ಇಳಿತ. ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಎರಡರ ನಡುವೆ ಮೂರೂವರೆ ಮೀಟರಿನಷ್ಟು ಅಂತರ. ಅಷ್ಟಮಿಯ ಆಸುಪಾಸಿನಲ್ಲಿ ಅದರ ಅರ್ಧಕ್ಕಿಂತ ಕಡಿಮೆ. ಒಂದು ಅಷ್ಟಮಿಯ ದಿನ ಬಂದು ಫೋಟೊ ಹೊಡೆದುಕೊಂಡು ‘ಇಲ್ಲಿ ಉಬ್ಬರದ ನೀರು ಬರುವುದಿಲ್ಲ’ ಎಂದು ವರದಿ ಬರೆದರೆ ಅದು ಸುಳ್ಳಲ್ಲ, ಆದರೆ ನಿಜವೂ ಅಲ್ಲ. ಕನಿಷ್ಠ ಒಂದು ಇಡೀ ಪಕ್ಷ ಅಳತೆಕೋಲು ನೆಟ್ಟು ನೋಡಬೇಕು. ಮಳೆಗಾಲ, ಬೇಸಿಗೆ ಎರಡನ್ನೂ ನೋಡಬೇಕು.

ಸರ್ವೆ ಕೆಲಸದ ಗೆಳೆಯರೊಬ್ಬರಿದ್ದಾರೆ. ಊರು ಕುಮಟಾ ಕಡೆ, ಮನೆ ಐರೋಲಿಯಲ್ಲಿ. ಭಾನುವಾರ ವಾಶಿಯಲ್ಲಿ ಸಿಕ್ಕಿ, ಎರಡು ಪ್ಲೇಟ್ ಇಡ್ಲಿ ಮುಗಿಯುವಷ್ಟರಲ್ಲಿ ಈ ಅಳತೆಯ ಇನ್ನೊಂದು ಗುಟ್ಟು ಹೇಳಿದರು.

‘ನಕ್ಷೆಯಲ್ಲಿ ಎತ್ತರ ಬರೆದಿರ್ತಾರೆ ಮಾರಾಯಾ. ಎಲ್ಲಿಂದ ಎತ್ತರ ಅಂತ ಕೇಳು. ಒಬ್ಬೊಬ್ಬರದು ಒಂದೊಂದು ಸೊನ್ನೆ.’

ಅವರ ಮಾತು ತಮಾಷೆಯಲ್ಲ. ಮುಂಬೈ ಪಾಲಿಕೆಯ ಚರಂಡಿ ನಕ್ಷೆಗಳಲ್ಲಿ ಎತ್ತರವನ್ನು ಟೌನ್ ಹಾಲ್ ಡೇಟಮ್ ಎಂಬ ಹಳೆಯ ಗುರುತಿನಿಂದ ಎಣಿಸುತ್ತಾರೆ. ಉಬ್ಬರದ ಪಟ್ಟಿ ಎಣಿಸುವುದು ಬಂದರಿನ ಚಾರ್ಟ್ ಡೇಟಮ್‌ನಿಂದ, ಅಂದರೆ ಸರಿಸುಮಾರು ತೀರಾ ಕೆಳಗಿನ ಇಳಿತದ ಮಟ್ಟದಿಂದ. ಸರ್ವೆ ಇಲಾಖೆಯ ನಕ್ಷೆಗಳದ್ದು ಸರಾಸರಿ ಸಮುದ್ರಮಟ್ಟದಿಂದ. ಮುಂಬೈಯಲ್ಲಿ ಈ ಕೊನೆಯ ಎರಡರ ನಡುವೆಯೇ ಸುಮಾರು ಎರಡೂವರೆ ಮೀಟರ್ ವ್ಯತ್ಯಾಸ ಇದೆ. ಮಳೆಗಾಲದಲ್ಲಿ ಟಿವಿಯವರು ‘ಇಂದು 4.5 ಮೀಟರ್ ಉಬ್ಬರ’ ಎಂದು ಹೆದರಿಸುತ್ತಾರಲ್ಲ, ಅದು ಸಮುದ್ರಮಟ್ಟದಿಂದ ಸುಮಾರು 2 ಮೀಟರ್ ಮಾತ್ರ. ಒಂದು ನಕ್ಷೆಯ ಅಂಕಿಯನ್ನು ಇನ್ನೊಂದರ ಪಕ್ಕ ಸುಮ್ನೆ ಅಂಟಿಸಿದರೆ ಗೋಡೆ ಒಂದಾಳು ಎತ್ತರ ತಪ್ಪುತ್ತದೆ. ಸಸಿಗೆ ಇನ್ನೂ ಕಷ್ಟ. ಇಲ್ಲಿನ ತಿವರ್ ಬೆಳೆಯುವ ಪಟ್ಟಿ ಸರಿಸುಮಾರು ಸಮುದ್ರಮಟ್ಟದಿಂದ ದೊಡ್ಡ ಉಬ್ಬರದ ಗೆರೆಯವರೆಗೆ, ಹೆಚ್ಚೆಂದರೆ ಎರಡು ಮೀಟರ್. ಆ ಪಟ್ಟಿಯಿಂದ ಕೆಳಗೆ ನೆಟ್ಟರೆ ಮುಳುಗಿ ಸಾಯುತ್ತದೆ. ಮೇಲೆ ನೆಟ್ಟರೆ ಒಣಗುತ್ತದೆ.

ಇನ್ನು ಕಾನೂನು. ಇಲ್ಲಿ ಒಂದು ವಿಚಿತ್ರ ಇದೆ. 2017ರ ಜೌಗು ಪ್ರದೇಶ ನಿಯಮಗಳು ನದಿಪಾತ್ರ, ಗದ್ದೆ, ಕುಡಿಯುವ ನೀರಿಗೆ ಕಟ್ಟಿದ ಕೆರೆ, ಉಪ್ಪಿನ ಆಗರ ಇವನ್ನೆಲ್ಲ ವ್ಯಾಖ್ಯೆಯಿಂದಲೇ ಹೊರಗೆ ಇಟ್ಟಿವೆ. ಕರಾವಳಿ ನಿಯಂತ್ರಣ ವಲಯಕ್ಕೆ (ಸಿಆರ್‌ಝಡ್) ಸೇರಿದ ಜಾಗವೂ ಆ ನಿಯಮದ ಹೊರಗೆ. ಅಂದರೆ ಮುಂಬೈಯ ಖಾಡಿ ಅಂಚಿನ ಬಹುಪಾಲು ನೆಲಕ್ಕೆ ರಕ್ಷಣೆ ಸಿಗುವುದು ಜೌಗು ನಿಯಮದಿಂದಲ್ಲ, ಸಿಆರ್‌ಝಡ್ ನಿಯಮದಿಂದ. ಮ್ಯಾಂಗ್ರೋವ್‌ಗೆ ಮಾತ್ರ ಬಾಂಬೆ ಹೈಕೋರ್ಟ್ ದೊಡ್ಡ ಗುರಾಣಿ ಕೊಟ್ಟಿದೆ. 2018ರ ಸೆಪ್ಟೆಂಬರಿನ ತೀರ್ಪಿನ ಪ್ರಕಾರ ಅದನ್ನು ನಾಶ ಮಾಡುವುದು ಜನರ ಬದುಕುವ ಹಕ್ಕಿಗೇ ಧಕ್ಕೆ. ಸುತ್ತ 50 ಮೀಟರ್ ಬಿಡಬೇಕು. ಸಾರ್ವಜನಿಕ ಯೋಜನೆಗೆ ಕಡಿಯಬೇಕೆಂದರೂ ಕೋರ್ಟಿನ ಬಾಗಿಲು ತಟ್ಟಲೇಬೇಕು. ಬುಲೆಟ್ ರೈಲಿನವರು ಹಾಗೆ ತಟ್ಟಿಯೇ 2022ರ ಡಿಸೆಂಬರಿನಲ್ಲಿ ಸುಮಾರು 20 ಸಾವಿರ ಗಿಡ ಕಡಿಯಲು ಅನುಮತಿ ಪಡೆದರು. ಅದೇ ಯೋಜನೆ ಥಾಣೆ ಖಾಡಿಯನ್ನು ಮಾತ್ರ 7 ಕಿಲೋಮೀಟರ್ ಸುರಂಗದಲ್ಲಿ, ಕೆಸರಿನ ಕೆಳಗಿಂದ ದಾಟುತ್ತದೆ. ಮನಸ್ಸು ಮಾಡಿದರೆ ಎಂಜಿನಿಯರುಗಳಿಗೆ ದಾರಿ ಸಿಗುತ್ತದೆ ಅನ್ನುವುದಕ್ಕೆ ಇದನ್ನೇ ತೋರಿಸಬಹುದು. ದುಡ್ಡು ಎಷ್ಟು ಅನ್ನುವುದು ಬೇರೆ ಮಾತು.

ಗಿಡವಿಲ್ಲದ ಜೌಗಿಗೆ ಅಂಥ ಗುರಾಣಿ ಇಲ್ಲ. ಉಪ್ಪಿನ ಆಗರ ನೋಡಿ. ಕಾಂಜೂರ್‌ಮಾರ್ಗ್, ಭಾಂಡುಪ್, ಮುಲುಂಡ್ ಬದಿಯ ಆಗರಗಳು ಮಳೆಗಾಲದಲ್ಲಿ ದೊಡ್ಡ ತಟ್ಟೆಯ ಹಾಗೆ ನೀರು ಹಿಡಿಯುತ್ತವೆ. ಖಾಡಿಯಲ್ಲಿ ಉಬ್ಬರ ಇರುವಷ್ಟು ಹೊತ್ತು ಊರಿನ ನೀರಿಗೆ ನಿಲ್ಲಲು ಜಾಗ ಅದೇ. 2024ರಲ್ಲಿ ಅಲ್ಲಿನ ಸುಮಾರು 256 ಎಕರೆಯನ್ನು ಧಾರಾವಿ ಪುನರ್ವಸತಿ ಮನೆಗಳಿಗೆ ಕೊಡುವ ತೀರ್ಮಾನವಾಯಿತು. ಮನೆ ಬೇಡ ಎಂದು ಯಾರೂ ಹೇಳುವುದಿಲ್ಲ. ಆದರೆ ಆ ತಟ್ಟೆ ಎಷ್ಟು ನೀರು ಹಿಡಿಯುತ್ತಿತ್ತು, ಅದು ಇನ್ನು ಯಾರ ಓಣಿಗೆ ಹೋಗುತ್ತದೆ ಎಂಬ ಲೆಕ್ಕ ಮೊದಲೇ ಜನರ ಮುಂದೆ ಇರಬೇಕಿತ್ತು. ಮುಲುಂಡ್‌ನಲ್ಲಿ ನಮ್ಮವರು ಎಷ್ಟು ಜನ ಇದ್ದಾರೆ ಅಂತ ಬೇರೆ ಹೇಳಬೇಕಿಲ್ಲವಲ್ಲ.

ಪವಾಯಿ ಕೆರೆಯ ಕತೆಯಲ್ಲಿ ಎಂಜಿನಿಯರಿಂಗ್ ಮತ್ತು ಕಾನೂನು ನೇರವಾಗಿ ಡಿಕ್ಕಿ ಹೊಡೆದವು. 1891ರಲ್ಲಿ ಕಟ್ಟಿದ ಕೆರೆ ಅದು. ಪಾಲಿಕೆ ಅದರ ಅಂಚಿನಲ್ಲಿ ಸೈಕಲ್ ದಾರಿ ಶುರು ಮಾಡಿತು. ಸಿಮೆಂಟ್ ಗೋಡೆ ಅಲ್ಲ, ತಂತಿಬಲೆಯ ಪೆಟ್ಟಿಗೆಗೆ ಕಲ್ಲು ತುಂಬಿ ಜೋಡಿಸುವ ಗೇಬಿಯನ್, ಅದರಲ್ಲಿ ನೀರು ಸಲೀಸಾಗಿ ಹಾದುಹೋಗುತ್ತದೆ ಎಂಬುದು ಪಾಲಿಕೆಯ ವಾದ. ತಾಂತ್ರಿಕವಾಗಿ ಮಾತು ಸರಿ. ಗೇಬಿಯನ್ ಕೆಟ್ಟ ವಸ್ತುವೇನಲ್ಲ. ಆದರೆ ಐಐಟಿ ಬಾಂಬೆಯ ವಿದ್ಯಾರ್ಥಿಗಳು ಕೋರ್ಟಿಗೆ ಹೋದಾಗ ಪ್ರಶ್ನೆ ಅದಾಗಿರಲಿಲ್ಲ. ಕಳೆದ ಹತ್ತು ವರ್ಷಗಳ ಸರಾಸರಿ ನೆರೆಮಟ್ಟದಿಂದ 50 ಮೀಟರ್ ಒಳಗೆ ಶಾಶ್ವತ ಕಟ್ಟಡ ಕೂಡದು ಎಂದು ನಿಯಮ ಇದೆ. 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಕಾಮಗಾರಿ ಅಕ್ರಮ ಎಂದು ಹೇಳಿ, ಕಟ್ಟಿದ್ದನ್ನು ತೆಗೆದು ಜಾಗ ಮೊದಲಿದ್ದ ಹಾಗೆ ಮಾಡಿ ಎಂದು ಆದೇಶಿಸಿತು. ‘ಹೇಗೆ ಕಟ್ಟುವುದು’ ಎಂದು ಚೆನ್ನಾಗಿ ಯೋಚಿಸಿದವರು ‘ಇಲ್ಲಿ ಕಟ್ಟಬಹುದೇ’ ಎಂದು ಮೊದಲು ಕೇಳಿರಲಿಲ್ಲ.

ಈಗ ಗೋಡೆಯ ವಿಷಯಕ್ಕೆ ಬರೋಣ. ಖಾಡಿ ದಂಡೆ ಕುಸಿಯುತ್ತಿದೆ ಎಂದರೆ ಎಲ್ಲರ ಮನಸ್ಸಿಗೆ ಮೊದಲು ಬರುವುದು ಆರ್‌ಸಿಸಿ ಗೋಡೆ. ನೋಡಲು ಗಟ್ಟಿ, ಉದ್ಘಾಟನೆಗೆ ಚೆನ್ನ. ಆದರೆ ಖಾಡಿಯಲ್ಲಿ ಗೋಡೆಗೆ ನಿಜವಾದ ಶತ್ರು ಮುಂದಿನಿಂದ ಬರುವ ಅಲೆಯಲ್ಲ, ಹಿಂದೆ ಸಿಕ್ಕಿಕೊಂಡ ನೀರು. ಉಬ್ಬರದಲ್ಲಿ ಗೋಡೆಯ ಎರಡೂ ಕಡೆ ನೀರು ಏರುತ್ತದೆ. ಇಳಿತದಲ್ಲಿ ಮುಂದಿನ ನೀರು ಎರಡು ಮೂರು ಗಂಟೆಯಲ್ಲಿ ಸರಿದುಹೋಗುತ್ತದೆ. ಹಿಂದಿನ ಜೇಡಿಮಣ್ಣಿನಲ್ಲಿ ಇಂಗಿದ ನೀರಿಗೆ ಅಷ್ಟು ಬೇಗ ಹೊರಬರಲು ಆಗುವುದಿಲ್ಲ. ಆಗ ನೆಂದ ಮಣ್ಣಿನ ಇಡೀ ಭಾರ ಗೋಡೆಯನ್ನು ಹಿಂದಿನಿಂದ ನೂಕುತ್ತದೆ. ಇದು ವರ್ಷಕ್ಕೊಮ್ಮೆ ಬರುವ ಕಂಟಕವಲ್ಲ, ದಿನಕ್ಕೆ ಎರಡು ಸಲ ನಡೆಯುವ ತಳ್ಳಾಟ. ಅದಕ್ಕೇ ಗೋಡೆಯಲ್ಲಿ ನೀರು ಸೋರಿಹೋಗಲು ತೂತು ಬಿಡುತ್ತಾರೆ, ಹಿಂದೆ ಜಲ್ಲಿ ತುಂಬುತ್ತಾರೆ. ಎರಡು ವರ್ಷದಲ್ಲಿ ಆ ತೂತುಗಳಲ್ಲಿ ಪ್ಲಾಸ್ಟಿಕ್ ಮತ್ತು ಕೆಸರು ತುಂಬಿಕೊಳ್ಳುತ್ತದೆ. ಅದನ್ನು ಬಿಡಿಸಲು ಯಾರ ಹತ್ತಿರವೂ ವರ್ಕ್ ಆರ್ಡರ್ ಇರುವುದಿಲ್ಲ.

ಬುಡದಲ್ಲಿ ಇನ್ನೊಂದು ಕಷ್ಟ. ಇಳಿಜಾರು ದಂಡೆಯಲ್ಲಿ ನೀರು ಹರಡಿ, ಗಿಡಗಳಿಗೆ ಸವರಿ, ತನ್ನ ವೇಗ ಕಳೆದುಕೊಳ್ಳುತ್ತದೆ. ನುಣುಪು ಗೋಡೆಗೆ ಬಡಿದ ನೀರು ಹಾಗೇ ಕೆಳಗೆ ತಿರುಗಿ ಬುಡದ ಕೆಸರನ್ನು ಕೊರೆಯುತ್ತದೆ. ನವಿ ಮುಂಬೈ ಬದಿಯ ಮೆತ್ತನೆ ಕಡಲ ಜೇಡಿಯಲ್ಲಿ ಆಳಕ್ಕೆ ಪೈಲ್ ಕಂಬ ಇಳಿಸದೆ ನಿಲ್ಲಿಸಿದ ಭಾರದ ಗೋಡೆ ನಿಧಾನಕ್ಕೆ ಕೂರುತ್ತದೆ, ವಾಲುತ್ತದೆ. ಗೋಡೆ ಮುಗಿದ ಜಾಗದಿಂದ ಮುಂದೆ ಇರುವ ಮಣ್ಣಿನ ದಂಡೆ ಮೊದಲಿಗಿಂತ ಬೇಗ ಕರಗುತ್ತದೆ. ಆಗ ಅಲ್ಲಿಗೂ ಗೋಡೆ ಬೇಕು ಎಂದು ಅರ್ಜಿ ಹೋಗುತ್ತದೆ. ಮೀಟರ್ ಲೆಕ್ಕದ ಟೆಂಡರಿಗೆ ಇದಕ್ಕಿಂತ ಒಳ್ಳೆಯ ಗಿರಾಕಿ ಯಾರು?

ಹಾಗಂತ ಗೋಡೆ ಎಲ್ಲ ಕಡೆ ತಪ್ಪು ಎಂದು ಹೇಳಲಾರೆ. ಮಿಠಿ ನದಿ ನೋಡಿ. ವಿಹಾರ್, ಪವಾಯಿ ಕೆರೆಗಳ ಕೋಡಿ ನೀರು ಸುಮಾರು 18 ಕಿಲೋಮೀಟರ್ ಹರಿದು ಮಾಹಿಮ್ ಖಾಡಿ ಸೇರುತ್ತದೆ. ವಿಮಾನ ನಿಲ್ದಾಣದ ಹತ್ತಿರ ಅದನ್ನು ಲಂಬಕೋನದಲ್ಲಿ ತಿರುಗಿಸಿದ್ದಾರೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿದ್ದಾಗ ಆ ನದಿ ಎಲ್ಲಿದೆ ಎಂದು ಮುಂಬೈಗೆ ನೆನಪಾಯಿತು. ನಂತರ ಅಗಲ ಮಾಡಿದರು, ಆಳ ಮಾಡಿದರು, ಎರಡೂ ಬದಿ ಗೋಡೆ ಕಟ್ಟಿದರು. ಕುರ್ಲಾದಂಥ ಕಡೆ ಮನೆಗಳು ನೀರಿನ ಅಂಚಿಗೇ ಬಂದು ನಿಂತಿರುವಾಗ ಇಳಿಜಾರು ದಂಡೆಗೆ ಜಾಗವಾದರೂ ಎಲ್ಲಿ? ಅಲ್ಲಿ ಗೋಡೆಯೇ ಗತಿ. ಆದರೆ ಅಲ್ಲಿಯೂ ಅಳತೆಯ ರೋಗ ಬಿಡಲಿಲ್ಲ. ಮಿಠಿಯ ಹೂಳೆತ್ತುವ ಗುತ್ತಿಗೆಗಳಲ್ಲಿ 65 ಕೋಟಿ ರೂಪಾಯಿಯಷ್ಟು ಅಕ್ರಮದ ಆರೋಪದ ಮೇಲೆ 2025ರಲ್ಲಿ ಮುಂಬೈ ಪೊಲೀಸರ ಆರ್ಥಿಕ ಅಪರಾಧ ವಿಭಾಗ ಕೇಸು ದಾಖಲಿಸಿತು. ತೆಗೆದ ಹೂಳನ್ನು ಕಾಗದದಲ್ಲಿ ಎಷ್ಟು ಬೇಕಾದರೂ ಉಬ್ಬಿಸಬಹುದು. ನದಿಯ ಆಳವನ್ನು ಕೆಲಸಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಅಳೆದು ಪಕ್ಕಪಕ್ಕ ಇಟ್ಟರೆ ಅದು ಅಷ್ಟು ಸುಲಭವಲ್ಲ.

ಜಾಗ ಇರುವ ಕಡೆ ಬೇರೆ ದಾರಿಗಳಿವೆ. ಕಡಿದಾದ ದಂಡೆಯನ್ನು ಒಂದಕ್ಕೆ ಮೂರರ ಇಳಿಜಾರಿಗೆ ಕೆತ್ತುವುದು. ಬುಡಕ್ಕೆ ಮಾತ್ರ ಕಲ್ಲು. ಅದರ ಮೇಲೆ ತೆಂಗಿನ ನಾರಿನ ದಪ್ಪ ಉರುಳೆ ಮತ್ತು ಚಾಪೆ, ಅದರ ಸಂದಿಯಲ್ಲಿ ಉಪ್ಪು ತಡೆಯುವ ಹುಲ್ಲು, ಹಿಂದೆ ತಿವರ್. ನಾರು ಕೆಲವೇ ವರ್ಷಗಳಲ್ಲಿ ಕೊಳೆತುಹೋಗುತ್ತದೆ. ಬೇಕಾಗಿರುವುದೂ ಅದೇ. ಬೇರು ಹಿಡಿಯುವವರೆಗೆ ಮಣ್ಣನ್ನು ಹಿಡಿದುಕೊಂಡು, ಆಮೇಲೆ ಸುಮ್ಮನೆ ಜಾಗ ಬಿಟ್ಟುಕೊಡುತ್ತದೆ. ‘ಕೊಳೆಯುವ ವಸ್ತುವಿಗೆ ಯಾಕೆ ದುಡ್ಡು’ ಎಂದು ಆಡಿಟ್‌ನವರು ಕೇಳುತ್ತಾರೆ ಎಂಬ ಹೆದರಿಕೆಯಿಂದ ಅಧಿಕಾರಿಗಳು ಹಿಂದೆ ಸರಿಯುತ್ತಾರಂತೆ. ಕುಮಟಾದ ಗೆಳೆಯರಿಗೆ ಇದನ್ನು ಹೇಳಿದರೆ ನಗು. ಅವರ ಊರಿನ ಅಘನಾಶಿನಿ ಅಂಚಿನ ಗಜನಿ ಗದ್ದೆಗಳಲ್ಲಿ ಮಣ್ಣಿನ ಕಟ್ಟೆ, ಮರದ ಹಲಗೆಯ ಬಾಗಿಲು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ, ಕೊಯ್ಲಾದ ಮೇಲೆ ಉಪ್ಪುನೀರು ಬಿಟ್ಟು ಸೀಗಡಿ, ಮೀನು. ಗೋವಾದ ಖಜಾನ್ ಗದ್ದೆಗಳೂ ಇದೇ ಜಾತಿಯವು. ಕಟ್ಟೆ ವರ್ಷ ವರ್ಷ ಸವೆಯುತ್ತದೆ, ವರ್ಷ ವರ್ಷ ಮಣ್ಣು ಮೆತ್ತುತ್ತಾರೆ. ದುರಸ್ತಿ ಅಲ್ಲಿ ಸೋಲಲ್ಲ, ಬೇಸಾಯದ ಒಂದು ಕೆಲಸ. ಆ ಅಘನಾಶಿನಿ ಅಳಿವೆಗೆ 2024ರಲ್ಲಿ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸಾರ್ ಪಟ್ಟ ಸಿಕ್ಕಿತು. ಥಾಣೆ ಖಾಡಿಗೆ 2022ರಲ್ಲೇ ಸಿಕ್ಕಿತ್ತು.

ಸಸಿ ನೆಡುವ ಹಬ್ಬದ ಬಗ್ಗೆ ಎರಡು ಮಾತು. ಟಿ-ಶರ್ಟ್ ಹಾಕಿಕೊಂಡು ಕೆಸರಿಗೆ ಇಳಿದು, ಸಾವಿರ ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು ಬರುವುದರಲ್ಲಿ ಪುಣ್ಯ ಇರಬಹುದು, ಕಾಡು ಇರುವುದಿಲ್ಲ. ತಿವರ್ ಬೀಜಗಳು ಉಬ್ಬರದ ನೀರಲ್ಲಿ ತೇಲಿ ಬಂದು ತಾವೇ ನೆಲೆಯಾಗುತ್ತವೆ. ಒಂದು ಕಡೆ ಅವು ಬೆಳೆದಿಲ್ಲ ಅಂದರೆ ಹೆಚ್ಚಿನ ಸಲ ನೀರಿನ ದಾರಿ ಕಟ್ಟಿದೆ ಎಂದೇ ಅರ್ಥ. ತಮಿಳುನಾಡಿನ ಪಿಚಾವರಂನಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ಇದನ್ನು ಮಾಡಿ ತೋರಿಸಿದರು. ಹಿಂದೆ ಕಾಡು ಕಡಿದ ಜಾಗ ತಗ್ಗಾಗಿ, ನೀರು ನಿಂತು, ಆರಿ, ಉಪ್ಪು ಏರಿತ್ತು. ಮೀನಿನ ಮುಳ್ಳಿನ ಆಕಾರದಲ್ಲಿ ಕಾಲುವೆ ತೋಡಿ ಉಬ್ಬರದ ನೀರು ಬಂದುಹೋಗುವ ಹಾಗೆ ಮಾಡಿದ ಮೇಲೆ ಗಿಡ ಹಿಡಿಯಿತು. ಇನ್ನೊಂದು ಎಚ್ಚರಿಕೆ ಏನೆಂದರೆ, ಬೋಳು ಕೆಸರು ಬಯಲು ಖಾಲಿ ಜಾಗವಲ್ಲ. ನವೆಂಬರಿನಿಂದ ಮೇವರೆಗೆ ಫ್ಲೆಮಿಂಗೊಗಳು ಪಾಚಿ ಸೋಸಿ ತಿನ್ನುವ ತಟ್ಟೆ ಅದೇ. ಥಾಣೆ ಖಾಡಿಯಲ್ಲಿ ಅವುಗಳ ಸಂಖ್ಯೆ ಲಕ್ಷ ದಾಟಿದ ವರ್ಷಗಳಿವೆ. ಹೂಳು ತುಂಬಿ ಕೆಸರು ಎತ್ತರವಾದ ಹಾಗೆ ತಿವರ್ ತಾನಾಗಿಯೇ ಮುಂದೆ ಸಾಗಿ ಆ ಬಯಲನ್ನು ತಿನ್ನುತ್ತಿದೆ. ಅದರ ಮೇಲೆ ನಾವೂ ಹೋಗಿ ಸಸಿ ನೆಟ್ಟರೆ ಹಕ್ಕಿಯ ಊಟದ ಮೇಲೆ ಕಾಡು ಬೆಳೆಸಿದ ಹಾಗೆ.

ನೆರೂಲ್‌ನ ಡಿಪಿಎಸ್ ಕೆರೆ ಎಂದು ಜನ ಕರೆಯುವ 30 ಎಕರೆಯ ತಾಣದಲ್ಲಿ ಇದೆಲ್ಲ ಒಟ್ಟಿಗೆ ಕಂಡಿತು. ಅದಕ್ಕೆ ನೀರು ಖಾಡಿಯಿಂದ ಬರಬೇಕು. ಪಕ್ಕದ ಜೆಟ್ಟಿಯ ಕಾಮಗಾರಿಯಿಂದ ಆ ದಾರಿ ಮುಚ್ಚಿತು ಎಂದು ಪರಿಸರ ಕಾರ್ಯಕರ್ತರು ದೂರುತ್ತಲೇ ಇದ್ದರು. 2024ರ ಬೇಸಿಗೆ ಹೊತ್ತಿಗೆ ಕೆರೆ ಒಣಗುತ್ತ ಬಂತು. ದಿಕ್ಕುತಪ್ಪಿದ ಫ್ಲೆಮಿಂಗೊಗಳು ರಸ್ತೆಗೆ ಬಂದವು, ಹಲವು ಸತ್ತವು. ಸಸಿ ಎಣಿಸುವವರಿಗೂ ಗೋಡೆ ಅಳೆಯುವವರಿಗೂ ಏನೂ ಕೆಟ್ಟಂತೆ ಕಾಣುತ್ತಿರಲಿಲ್ಲ. ಕೆಟ್ಟದ್ದು ಜೆಟ್ಟಿಯ ರಸ್ತೆಯ ಕೆಳಗಿನ ನೀರಿನ ದಾರಿ. ಗಲಾಟೆಯಾದ ಮೇಲೆ ಸರ್ಕಾರ ಸಮಿತಿ ಮಾಡಿತು. 2025ರಲ್ಲಿ ಅದನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿಗೆಯೂ ಬಂತು.

ದಂಡೆ ಕಾಮಗಾರಿಯ ಕರಾರಿನಲ್ಲಿ ಸಾಮಾನ್ಯವಾಗಿ ದೋಷ ಹೊಣೆಗಾರಿಕೆ ಅವಧಿ ಎಂಬ ಷರತ್ತು ಇರುತ್ತದೆ. ಅಷ್ಟು ವರ್ಷಗಳೊಳಗೆ ಗೋಡೆ ಬಿರುಕು ಬಿಟ್ಟರೆ ಗುತ್ತಿಗೆದಾರ ತನ್ನ ಖರ್ಚಿನಲ್ಲಿ ಸರಿ ಮಾಡಬೇಕು. ಗೋಡೆ ಗಟ್ಟಿಯಾಗಿ ನಿಂತು ಅದರ ಹಿಂದಿನ ಜೌಗು ಒಣಗಿದರೆ ಏನು ಎಂದು ಗೆಳೆಯರನ್ನು ಕೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟರು.

‘ಕರಾರಿನ ಪ್ರಕಾರ ಅದು ದೋಷ ಅಲ್ಲವಲ್ಲ. ಗೋಡೆ ನೆಟ್ಟಗಿದೆ. ಸೆಕ್ಯೂರಿಟಿ ಡಿಪಾಸಿಟ್ ವಾಪಸ್ ಸಿಗ್ತದೆ.’